ಸರ್ವರ್ ಕೋಣೆಯಲ್ಲಿ ಒಣಗುತ್ತಿದ್ದ ಏಪ್ರನ್‌ಗಳು

ನನ್ನ ನಾದಿನಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಸರ್ವರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಬಣ್ಣ ಬೆರೆಸುವ ಅಳತೆಗಳು, ವಿನ್ಯಾಸಗಳು, ಗಿರಾಕಿಗಳ ಬೇಡಿಕೆಗಳು ಎಲ್ಲವೂ ಅಲ್ಲಿನ ಯಂತ್ರಗಳ ಹೊಟ್ಟೆಯಲ್ಲಿದ್ದವು. ಕೋಣೆಯ ಮುಂಭಾಗ ತಂಪು. ಯಂತ್ರಗಳ ಬೆನ್ನಿನಿಂದ ಹೊರಡುವ ಗಾಳಿ ಮಾತ್ರ ಬಿಸಿ. ಈ ಗುಟ್ಟು ಬಣ್ಣದ ತೊಟ್ಟಿಗಳ ಬಳಿ ದುಡಿಯುವ ಹೆಂಗಸರಿಗೆ ಹೇಗೋ ತಿಳಿಯಿತು. ಊಟದ ಬಿಡುವಿನಲ್ಲಿ ಅವರು ಮುಂದೆ ತಂಪಿಗೆ ಕೂರುವರು. ನೆನೆದ ಏಪ್ರನ್‌ಗಳನ್ನು ಹಿಂದೆ ಹಗ್ಗ ಕಟ್ಟಿ ಹರಡುವರು. ಒದ್ದೆ ನೀಲಿ ಬಟ್ಟೆ ಮೆಲ್ಲಗೆ ತೂಗುವಾಗ ಅದರಾಚೆಯ ಹಸಿರು ದೀಪಗಳು ಕೊಳದ ತಳದಲ್ಲಿ ಸುಳಿಯುವ ಮೀನುಗಳಂತೆ ಕಾಣುತ್ತಿದ್ದವು. ಗದರಿಸಬೇಕಾದ ನಾದಿನಿ ಅದನ್ನೇ ನೋಡುತ್ತ ಮೈಮರೆಯುತ್ತಿದ್ದಳು.

ಒಂದು ಮಧ್ಯಾಹ್ನ ಏಪ್ರನ್ನೊಂದು ಜಾರಿ ಗಾಳಿಯ ಕಂಡಿಗೆ ಅಂಟಿಕೊಂಡಿತು. ಉಸಿರುಕಟ್ಟಿದ ಯಂತ್ರ ಕಾದು ಕೆಟ್ಟಿತು. ಅಳತೆ ತಿಳಿಯದೆ ತೊಟ್ಟಿಗಳ ಕೆಲಸವೂ ನಿಂತಿತು.

ಯಜಮಾನರು ಬಾಗಿಲಿಗೆ ಬಂದರು. "ಏನಮ್ಮಾ, ಇದು ಸರ್ವರ್ ರೂಮೋ, ಬಟ್ಟೆ ಒಣಗಿಸೋ ಮಹಡಿಯೋ?"

"ಎರಡೂ ಆಗಿತ್ತು ಸಾರ್. ತಪ್ಪು ನಂದೇ, ಅವರನ್ನ ಏನೂ ಅನ್ಬೇಡಿ."

"ಹೊಸ ಮಷೀನು ತರೋದಾ, ಇಲ್ಲಾ ಎಲ್ಲಾನೂ ಕ್ಲೌಡ್‌ಗೆ, ಅದೇ ಬೇರೆ ಕಂಪನಿಯೋರ ಮಷೀನಿಗೆ, ಹಾಕಿ ಬಾಡಿಗೆ ಕಟ್ಟೋದಾ? ನೀನೇ ಯೋಚನೆ ಮಾಡಿ ಹೇಳು."

ಕೋಣೆ ಹೋದರೆ ಅದರ ಹಿಂದೆಯೇ ತನ್ನ ಕೆಲಸವೂ ಹೋದೀತೆಂಬ ಅಳುಕು ಅವಳಿಗೆ. ಮನೆಗೆ ಬಂದವಳೇ ಕೇಳಿದಳು:

"ಅತ್ತಿಗೆ, ಸ್ವಂತದ್ದೇ ಇರಲಿ ಅಂದುಬಿಡ್ಲಾ?"

"ಯಾರ ಒಳ್ಳೇದಕ್ಕೆ?"

"ನೀವೊಬ್ಬರು! ಸುಮ್ನೆ ಹೂಂ ಅಂದ್ರೆ ನಿಮ್ಮ ಗಂಟೇನು ಹೋಗತ್ತೆ?"

ಮರುದಿನ ಅವಳು ಯಜಮಾನರ ಮುಂದೆ ನಿಂತಳು. "ಬಾಡಿಗೆಗೇ ಹೋಗೋಣ ಸಾರ್. ನೆಟ್ ಕೈಕೊಟ್ರೆ ಇರಲಿ ಅಂತ ಬಣ್ಣದ ಅಳತೆಗಳ ಒಂದು ಪ್ರತಿ ಇಲ್ಲಿರಲಿ. ಸ್ವಂತ ಮಷೀನು ಇಟ್ಕೊಂಡ್ರೆ ಅದಕ್ಕೆ ಗಟ್ಟಿ ಕಾವಲು ಬೇಕು. ತೊಟ್ಟಿ ಬಿಸಿಗೆ ಬೆಂದು ಬಂದೋರ ಮುಖಕ್ಕೆ ಬಾಗಿಲು ಹಾಕೋಕೆ ನನಗೆ ಮನಸ್ಸು ಬರಲ್ಲ."

"ಆಮೇಲೆ ನಿನಗೇನು ಕೆಲಸ?"

"ಬಾಡಿಗೆ ಮನೆ ಅಂತ ಕಸ ಗುಡಿಸೋದು ಬಿಡ್ತೀವಾ ಸಾರ್? ಯಾರು ಏನು ನೋಡ್ಬಹುದು, ಪ್ರತಿ ಸರಿಯಾಗಿದೆಯಾ, ಬಾಡಿಗೆ ಸುಮ್ನೆ ಏರ್ತಿದೆಯಾ, ಇದೆಲ್ಲಾ ನಾವೇ ನೋಡ್ಕೋಬೇಕಲ್ಲಾ."

ಯಜಮಾನರು ಹೂಂ ಎಂದರು. ಕೆಲಸ ಉಳಿಯಿತು, ಕೋಣೆ ಉಳಿಯಲಿಲ್ಲ.

ಯಂತ್ರಗಳನ್ನು ನಿಲ್ಲಿಸಿದ ದಿನ ಅವಳು ಅಲ್ಲೇ ನೆಲದ ಮೇಲೆ ಕುಳಿತಳಂತೆ. ಅಷ್ಟು ವರ್ಷದ ಮೊರೆತ ಅಡಗಿದ ಮೇಲೆ ಗೋಡೆಯಾಚೆಯಿಂದ ತೊಟ್ಟಿಯ ನೀರು ಕಲಕುವ ಸದ್ದು ಬಂತು. ಅದರ ಲಯಕ್ಕೆ ಯಾರೋ ಹಾಡಿಕೊಳ್ಳುತ್ತಿದ್ದರು.

"ದಿನಾ ಹಾಡ್ತಿದ್ರಂತೆ ಅತ್ತಿಗೆ," ಎಂದಳು, ಇನ್ನೂ ಅಲ್ಲಿಯೇ ಕುಳಿತವಳ ಹಾಗೆ.