ಕರುವಿಗೂ ನಾಗದೋಷವೆ?

“ಅಕ್ಕಾ, ನಾಗದೋಸ ಕರೂಗೂ ಬತ್ತದಾ?”

ಹಾಲಿಗೆ ಬಂದಿದ್ದ ಪಕ್ಕದ ಮನೆಯ ಜೈನಬಿ ಹೀಗೆ ಕೇಳಿದಾಗ ನಾನು ಹಸು ಕರೆಯುತ್ತಿದ್ದೆ. ತಿರುಗಿ ನೋಡಿದೆ. ನನ್ನ ಮಗಳು ಜಯಮ್ಮ ಎಂದಿನಂತೆ ಕರುವಿನ ಕೊರಳು ತಬ್ಬಿ ಹಿಡಿದಿದ್ದಳು. ಆ ಕೊರಳ ಮೇಲೆ ಕೂದಲುದುರಿದ ದುಂಡನೆಯ ಹಕ್ಕಳೆಗಳು. ಅವಳ ತೋಳಿನ ಮೇಲೂ ಅಂಥವೇ.

ಆ ತೋಳಿಗೆ ಹೆದರಿ ಮದ್ದೂರಿನ ನಮ್ಮ ಬೀದಿಯ ಮಕ್ಕಳು ಅವಳನ್ನು ಕುಂಟೆಬಿಲ್ಲೆಗೂ ಸೇರಿಸುತ್ತಿರಲಿಲ್ಲ. ನಾಗದೋಷವೆಂದು ತೀರ್ಮಾನಿಸಿದ ಅತ್ತೆ ದಿನಾ ಹುತ್ತಕ್ಕೆ ಹಾಲೆರೆಸುತ್ತಿದ್ದರು. ಯುದ್ಧದ ಕಾಲ, ಮನೆಯವರ ಕಾಫಿಗೇ ಹಾಲು ಸಾಲದು. ಅದರ ಮೇಲೆ, ಹರಕೆಯ ಹಾಲು ಕರೆಯುವಾಗ ದೋಷವಿದ್ದ ಮಗುವೇ ಕರು ಹಿಡಿಯಬೇಕಂತೆ! ದಿನ ಬೆಳಗಾದರೆ ನಾವೇ ರೋಗವನ್ನು ತಬ್ಬಿಸುತ್ತಿದ್ದೆವು.

“ಅತ್ತೇ, ನಾಗಪ್ಪ ಮುನಿದಿಲ್ಲ. ಇದು ಕರುವಿಂದ ಅಂಟಿದ ಹುಳುಕಡ್ಡಿ” ಎಂದೆ.

“ಸುಮ್ಕಿರವ್ವ, ಕಂಡಿದ್ದೀಯ. ಹಾಲು ನಿಲ್ಲುಸ್ಬ್ಯಾಡ” ಎಂದರು.

ಹುತ್ತದ ಹಾಲು ನಿಲ್ಲಿಸಲಿಲ್ಲ; ಆದರೆ ಕರುವನ್ನು ಗೂಟಕ್ಕೆ ಕಟ್ಟಿ, ಅದಕ್ಕೂ ಮಗಳಿಗೂ ಆಸ್ಪತ್ರೆಯ ಮುಲಾಮು ಬಳಿದೆ. ವಾಸಿಯಾಯಿತು.

ಹಾಲೆರೆದಿದ್ದಕ್ಕೇ ವಾಸಿಯಾಯಿತೆಂದು ಅತ್ತೆ ಬೀದಿಗೆಲ್ಲ ಸಾರಿ ಬಂದರು. ನನ್ನ ಮುಲಾಮಿನ ಮಾತು ಯಾರಿಗೂ ಬೇಕಾಗಲಿಲ್ಲ. ಆದರೆ ಅತ್ತೆಯ ಮಾತು ನಂಬಿಯೇ ಮಕ್ಕಳು ಜಯಮ್ಮನನ್ನು ಮತ್ತೆ ಆಟಕ್ಕೆ ಕರೆದರು. ಅಷ್ಟನ್ನಾದರೂ ಕರುಣಿಸಿದನಲ್ಲ, ನಾಗಪ್ಪ.