ಗಂಗವ್ವನ ಹಗೇವೂ ನನ್ನ ತೊಟ್ಟಿಯೂ

ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರಬೇಕೆಂಬ ಆಸೆ ನನಗಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಬ್ಬಳ್ಳಿಯ ಬಂಗಲೆಯೊಂದರಲ್ಲಿ ಬಿಳಿಯ ಸ್ನಾನದ ತೊಟ್ಟಿ ಕಂಡ ದಿನದಿಂದ ನಮ್ಮ ಬಚ್ಚಲು ನನಗೆ ಸಪ್ಪೆ ಎನಿಸತೊಡಗಿತು. ನಮ್ಮೂರು ಮೊರಬದಲ್ಲಿ ಕುಡಿಯುವ ನೀರನ್ನು ಕೆರೆಯಿಂದ ಹೊತ್ತು ತರಬೇಕು, ನಿಜ. ಆದರೆ ನಮ್ಮ ಹಿತ್ತಿಲ ಬಾವಿಯ ಸವಳು ನೀರನ್ನು ದನಗಳೂ ಮೂಸಿ ಬಿಡುತ್ತಿದ್ದವು. ಅದರಲ್ಲಿ ನನ್ನಂಥ ಒಬ್ಬ ಸಾಲಿ ಮಾಸ್ತರ ಮುಳುಗಿದರೆ ಯಾರಿಗೆ ನಷ್ಟ ಎಂದು ಮನೆಯಲ್ಲಿ ವಾದ ಹೂಡಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಸಿಮೆಂಟು ಸಿಕ್ಕಿದ್ದೇ ಪುಣ್ಯ.

ಗೌಂಡಿ ಹುಸೇನಸಾಬ ತೊಟ್ಟಿ ಕಟ್ಟಿದ. ತಳದಲ್ಲೊಂದು ತೂತು, ತೂತಿಗೊಂದು ಕಟ್ಟಿಗೆಯ ಬಿರಡೆ. "ನೀರು ಹೋಗೂ ದಾರಿ ಫರಸಿ ಮ್ಯಾಲೆ ಇರಲ್ರಿ, ಕಣ್ಣಿಗೆ ಕಾಣಬೇಕು" ಎಂದ. ಬಂಗಲೆಯಲ್ಲಿ ಅಂಥದೇನೂ ನನ್ನ ಕಣ್ಣಿಗೆ ಕಂಡಿರಲಿಲ್ಲವಲ್ಲ! ಹಠ ಹಿಡಿದು ಫರಸಿಗಲ್ಲು ಎಬ್ಬಿಸಿ, ಕೆಳಗಿನ ಎರೆಮಣ್ಣಿನಲ್ಲಿ ಹೊರಗಿನ ತೊಂಡೆಬಳ್ಳಿಯವರೆಗೆ ಪೈಪು ಹೂಳಿಸಿ, ಮತ್ತೆ ಕಲ್ಲು ಮುಚ್ಚಿಸಿದೆ.

ಯುಗಾದಿ ಕಳೆದ ಮೇಲೆ ಒಂದು ವಿಚಿತ್ರ ಕಂಡಿತು. ಬಿರಡೆ ತೆಗೆದರೆ ತೊಟ್ಟಿ ಗಳಗಳನೆ ಬರಿದಾಗುತ್ತಿತ್ತು, ಹೊರಗೆ ತೊಂಡೆಬಳ್ಳಿಯ ಬುಡಕ್ಕೆ ಮಾತ್ರ ಒಂದು ತಂಬಿಗೆಯಷ್ಟೂ ನೀರು ಬೀಳುತ್ತಿರಲಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು? ಬಚ್ಚಲ ಗೋಡೆಯಾಚೆ ಏನಿದೆ ಎಂದು ಆಗ ನೆನಪಾಯಿತು. ಅಲ್ಲಿ ಬಾಜು ಮನೆಯ ಗಂಗವ್ವನ ಹಗೇವು ಇತ್ತು.

ನಮ್ಮ ಕಡೆಯವರಿಗೆ ಹಗೇವಿನ ಬಗ್ಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಆಳೆತ್ತರಕ್ಕೂ ಮಿಗಿಲಾಗಿ ನೆಲ ಅಗೆದು, ಸುತ್ತ ಹೊಟ್ಟು, ಒಣದಂಟಿನ ಕಣಿಕೆ ಒತ್ತಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ನೀರು ಮಾತ್ರ ತಾಗಬಾರದು. ಒಮ್ಮೆ ಬಾಯಿ ತೆರೆದರೆ ಅಷ್ಟನ್ನೂ ಹೊರಗೆ ತೆಗೆಯಬೇಕು. ಗಂಡನಿಲ್ಲದ ಗಂಗವ್ವ ತನ್ನ ಹೊಲದ ಎರಡು ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿಟ್ಟಿದ್ದಳು. ದೀಪಾವಳಿ ಮುಗಿದ ಮೇಲೆ ಮಗಳ ಲಗ್ನ, ಬರುವ ಬೀಗರಿಗೆಲ್ಲ ಅದೇ ರೊಟ್ಟಿ.

ನಾನೇನು ಮಾಡಿದೆ? ತೊಟ್ಟಿಗೆ ನೀರು ಹಾಕುವುದನ್ನು ನಿಲ್ಲಿಸಿದೆ, ಬಾಯಿ ಬಿಡುವುದನ್ನೂ ನಿಲ್ಲಿಸಿದೆ. ಬರೀ ಅನುಮಾನದ ಮೇಲೆ ಹಗೇವು ತೆಗೆಸುವುದು ಸರಿಯೇ ಎಂದು ನನಗೆ ನಾನೇ ವಕೀಲನಾದೆ. ಹೀಗೆ ಎಂಟು ದಿನ ಕಳೆದೆ. ಮಕ್ಕಳಿಗೆ ಸತ್ಯ ಹೇಳಿರೆಂದು ಪಾಠ ಮಾಡುವವನು ನಾನು. ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ನಾನೇ ಕರೆಸಿದ ಮೇಲೆ ಹುಸೇನಸಾಬ ಬಂದು ಕಲ್ಲು ಎಬ್ಬಿಸಿದ. ಪೈಪಿನ ಜೋಡು ಬೆರಳು ತೂರುವಷ್ಟು ಬಾಯಿಬಿಟ್ಟಿತ್ತು.

"ಎರಿ ನೆಲಾ ಬ್ಯಾಸಿಗ್ಯಾಗ ಸೀಳತೈತ್ರಿ ಮಾಸ್ತರ. ಹೊಲದಾಗ ಕಾಲು ಸಿಗಬೀಳುವಷ್ಟು ಸೀಳತೈತಿ, ಈ ಪೈಪು ತಡೀತೈತೇನ್ರಿ?"

ಆ ಕ್ಷಣವೇ ಹೋಗಿ ಗಂಗವ್ವನಿಗೆ ಎಲ್ಲವನ್ನೂ ಹೇಳಿದೆ. ಒಳಗಿನ ವಿಷಗಾಳಿ ಹೋಗಲೆಂದು ಹಗೇವಿನ ಬಾಯಿ ತೆರೆದು ಒಂದು ದಿನ ಬಿಟ್ಟೆವು. ಮರುದಿನ ಕಂದೀಲು ಇಳಿಬಿಟ್ಟು, ಅದು ಆರದಿರುವುದನ್ನು ನೋಡಿಕೊಂಡು ಹುಸೇನಸಾಬ ಇಳಿದ. ನಮ್ಮ ಗೋಡೆಯ ಕಡೆಯ ಜೋಳ ಬೂಸ್ಟು ಹಿಡಿದು ಕಪ್ಪಾಗಿತ್ತು. ಉಳಿದದ್ದು ಬರೀ ತೇವದ ಥಂಡಿ ಹಿಡಿದಿತ್ತು. ಕೆಟ್ಟಷ್ಟನ್ನೂ ನಮ್ಮ ಮನೆಯಿಂದ ತುಂಬಿಕೊಡುತ್ತೇನೆಂದೆ. ಗಂಗವ್ವ ಒಂದು ಹಿಡಿ ಕಾಳು ಮೂಸಿ ನೋಡಿದಳು.

"ಜ್ವಾಳ ಬಿಸಲಿಗೆ ಹಾಕಿದ್ರ ಒಣಗತಾವ್ರಿ. ಎಂಟು ದಿನಾ ಗೊತ್ತಿದ್ದೂ, ದಿನಾ ಮುಂಜಾನೆದ್ದು 'ಆರಾಮ ಏನವ್ವಾ' ಅಂತ ಕೇಳಿದ್ರಲ್ಲ, ಅದಕ್ಕ ಏನು ಮಾಡ್ಲಿ?"

ನಾಲ್ಕು ದಿನ ಅವಳ ಅಂಗಳದಲ್ಲಿ ಜೋಳ ಹರವಿ, ತಿರುವಿ ಹಾಕಿ, ಆಡು ಗುಬ್ಬಿಗಳನ್ನು ಅಟ್ಟುತ್ತ ಕೂತೆ. ಬೇಸಗೆಯ ಸೂಟಿ ಇದ್ದದ್ದು ಒಳ್ಳೆಯದಾಯಿತು. ಹುಸೇನಸಾಬ ಹಳೆಯ ಪೈಪು ಕಿತ್ತೆಸೆದು, ಫರಸಿಯ ಮೇಲೇ, ಗಂಗವ್ವನ ಗೋಡೆಗೆ ಬೆನ್ನು ಮಾಡಿ, ತೆರೆದ ಮೋರಿ ಕಟ್ಟಿದ. ನೋಡಲು ಚೆಂದವಿಲ್ಲ, ಆದರೆ ಹೋಗುವ ನೀರೆಲ್ಲ ಎದುರಿಗೇ ಹೋಗುತ್ತದೆ. ಗಂಗವ್ವ ಮಾತ್ರ ಮಳೆಗಾಲ ಮುಗಿಯುವವರೆಗೂ ನನ್ನ ಕುಶಲದ ಮಾತಿಗೆ ಬರೀ ತಲೆ ಆಡಿಸುತ್ತಿದ್ದಳು.

ದೀಪಾವಳಿ ಮುಗಿದ ವಾರ ಅವಳೇ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಲಗ್ನಪತ್ರಿಕೆ ಇತ್ತು.

"ಲಗ್ನದಾಗ ನೀರಿನ ಉಸಾಬರಿ ಎಲ್ಲಾ ನಿಮ್ದರಿ ಮಾಸ್ತರ" ಎಂದಳು. "ನೀರು ಎಲ್ಲೆಲ್ಲಿ ಹೊಕ್ಕೊಳತೈತಿ ಅನ್ನೂದು ಈ ಊರಾಗ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ."