ಸೂರ್ಯ ನುಂಗದ ಶನಿ

ಮಕ್ಕಳೇ, ನಿಮ್ಮ ಅಪ್ಪ ಅಮ್ಮನ ಮದುವೆಯ ಮಾತು ಮುರಿದುಬೀಳುವುದರಲ್ಲಿತ್ತು. ಉಳಿಸಿದವನು ಸೂರ್ಯ, ಅದೂ ಮುದಿ ಸೂರ್ಯ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ನಿಮ್ಮ ತಾತ ಆಗಲೇ ಇರಲಿಲ್ಲ. ನಿಮ್ಮ ಅಮ್ಮನ ಜಾತಕದ ಏಳನೇ ಮನೆಯಲ್ಲಿ, ಅಂದರೆ ಮದುವೆಯ ಮನೆಯಲ್ಲಿ, ಶನಿ ಕೂತಿದ್ದ. ಬಂದ ಗಂಡಿನವರೆಲ್ಲ ಕೇಸರಿಬಾತು ತಿಂದು, ಜಾತಕ ನೋಡಿ, "ತಿಳಿಸ್ತೀವಿ" ಎಂದು ಹೋಗುತ್ತಿದ್ದರು. ತಿಳಿಸಿದವರಿಲ್ಲ.

ಆ ಭಾನುವಾರ ಬಂದವನು ನಿಮ್ಮ ಅಪ್ಪ. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ನಕ್ಷತ್ರಗಳ ಬಗ್ಗೆ ಓದುತ್ತಿದ್ದ. ಜೊತೆಗೆ ಅವನ ಸೋದರತ್ತೆ. ನಮ್ಮ ಕಡೆಯಿಂದ ಮಾತಿಗೆ ಕೂತವನು ತರಕಾರಿ ವ್ಯಾಪಾರದ ನನ್ನ ಅಣ್ಣ. ಇಂಥ ಹೊತ್ತಿನಲ್ಲಿ ಗಂಡನಿಲ್ಲದವಳು ಮುಂದೆ ಬರುವ ಪದ್ಧತಿಯಿರಲಿಲ್ಲ. ನನ್ನ ನಾಚಿಕೆಗೆ ಅದು ಅನುಕೂಲವೇ ಆಗಿತ್ತು. ಅಡುಗೆಮನೆಯ ಪರದೆಯ ಹಿಂದೆ ಬೋಂಡ ಕರಿಯುತ್ತ ನಿಂತಿದ್ದೆ.

ಅತ್ತೆ ಜಾತಕ ಮಡಚಿದರು. "ಏಳರಲ್ಲಿ ಶನಿ. ನೋಡೋಣ, ತಿಳಿಸ್ತೀವಿ."

ನನ್ನ ಕೈಯ ಜಾಲರಿ ಸೌಟು ಹಾಗೇ ನಿಂತಿತು. ಮಾತು ಬೆಳೆಸಲೆಂದು ಅಣ್ಣ ಹುಡುಗನನ್ನು ಕೇಳಿದ, "ಏನ್ ಓದ್ತಿದೀರಪ್ಪಾ?"

"ಮುದಿ ನಕ್ಷತ್ರಗಳ ಬಗ್ಗೆ."

"ವಯಸ್ಸಾದ್ಮೇಲೆ ಏನಾಗ್ತಾವೆ?"

"ದಪ್ಪ ಆಗ್ತಾವೆ."

"ನಮ್ ಹಾಗೇ ಅನ್ನಿ!"

ಹುಡುಗನಿಗೆ ಹುರುಪು ಬಂತು. ತಟ್ಟೆಯ ನಡುವೆ ಬೋಂಡ ಇಟ್ಟು, ಕೇಸರಿಬಾತಿನ ದ್ರಾಕ್ಷಿ ಹೆಕ್ಕಿ ಬುಧ, ಶುಕ್ರ, ಭೂಮಿ ಎಂದು ಸುತ್ತಲೂ ಜೋಡಿಸಿದ. "ಇನ್ನು ಐನೂರು ಕೋಟಿ ವರ್ಷಕ್ಕೆ ಸೂರ್ಯ ಕೆಂಪಗೆ ಊದ್ಕೊತಾನೆ. ಬುಧನ್ನ ನುಂಗ್ತಾನೆ, ಶುಕ್ರನ್ನ ನುಂಗ್ತಾನೆ." ಎರಡನ್ನೂ ಬಾಯಿಗೆ ಹಾಕಿಕೊಂಡ.

"ಭೂಮಿ?" ಎಂದಳು ಅಣ್ಣನ ಪಕ್ಕ ಕೂತಿದ್ದ ನಿಮ್ಮ ಅಮ್ಮ.

"ಅನುಮಾನ. ಆಮೇಲೆ ಮೇಲಿನ ಪದರಗಳನ್ನೆಲ್ಲ ಆಚೆಗೆ ಊದಿಬಿಡ್ತಾನೆ. ನಡುವೆ ಒಂದು ಪುಟ್ಟ ಬಿಳಿ ಚುಕ್ಕಿ ಉಳಿಯುತ್ತೆ. ಅದರ ಬೆಳಕಿಗೆ ಸುತ್ತಲಿನ ಅನಿಲ ಹಸಿರು, ಕೆಂಪು ಬಳೆ ಥರ ಹೊಳೆಯುತ್ತೆ. ಗ್ರಹೀಯ ನೀಹಾರಿಕೆ ಅಂತಾರೆ."

"ಅದ್ರಲ್ಲಿ ಗ್ರಹ ಎಲ್ಲಿ ಬಂತು?" ಮತ್ತೆ ಅವಳೇ ಕೇಳಿದಳು.

"ಇಲ್ವೇ ಇಲ್ಲ. ಹಳೇ ದುರ್ಬೀನಲ್ಲಿ ಗ್ರಹದ ಹಾಗೆ ದುಂಡಗೆ ಕಂಡಿತ್ತು, ಹೆಸರು ಅಂಟ್ಕೊಂಡ್ಬಿಡ್ತು."

"ನಮ್ ಮಾವನ್ನ ಈಗ್ಲೂ ಪುಟ್ಟ ಅಂತಾರಲ್ಲ, ಹಾಗೆ," ಎಂದಳು ನನ್ನ ಅಣ್ಣನ ಹೊಟ್ಟೆಯ ಕಡೆ ನೋಡಿ.

ಹುಡುಗ ನಕ್ಕ. ಅತ್ತೆ ನಗಲಿಲ್ಲ. "ಶುಭದ ಮಾತಿಗೆ ಬಂದು ಮುಪ್ಪಿನ ಪುರಾಣ! ಏಳೋ, ಹೊರಡೋಣ," ಎಂದು ಚೀಲ ಕೈಗೆತ್ತಿಕೊಂಡರು.

ಆಗ ನನಗೆ ನಮ್ಮೂರ ಶಾಲೆ ನೆನಪಾಯಿತು. ಮೇಷ್ಟ್ರು ಒಮ್ಮೆ ನಮ್ಮನ್ನೇ ಗ್ರಹಗಳನ್ನಾಗಿ ಮಾಡಿ ಬಯಲಿನಲ್ಲಿ ಸುತ್ತಿಸಿದ್ದರು. ಬಾಯಿಬಿಡದವಳೆಂದು ನನ್ನನ್ನು ಶನಿ ಮಾಡಿದ್ದರು. ಉಳಿದವರು ಸೂರ್ಯನಾಗಿ ನಿಂತ ಮೇಷ್ಟ್ರ ಹತ್ತಿರ ಸುತ್ತಿದರೆ, ನಾನೊಬ್ಬಳು ದೂರದ ಬೇಲಿ ಬದಿಯಲ್ಲಿ ಮುಳ್ಳು ತುಳಿಯುತ್ತ ಹೆಜ್ಜೆ ಹಾಕಿದ್ದೆ.

"ಶನಿ ಏನಾಗ್ತಾನೆ?"

ಕೇಳಿದವಳು ನಾನೇ. ಎಲ್ಲರೂ ಪರದೆಯ ಕಡೆ ತಿರುಗಿದರು. ಹುಡುಗ ಇನ್ನೊಂದು ದ್ರಾಕ್ಷಿಯನ್ನು ಟೀಪಾಯಿಯ ಆ ತುದಿಯಲ್ಲಿ, ಅತ್ತೆಯ ಮುಂದೆ, ಇಟ್ಟ. "ಅವನು ಬಹಳ ದೂರ ಅಮ್ಮಾ. ಅವನನ್ನ ನುಂಗಕ್ಕೆ ಸೂರ್ಯನ ಕೈಲಾಗಲ್ಲ."

"ಹಾಗಾದ್ರೆ ಉಳಿಯೋನು ಅವನೇ. ಅಂಥೋನು ನನ್ ಮಗಳ ಏಳನೇ ಮನೇಲಿದ್ರೆ ಕೆಟ್ಟದ್ದಾ?"

"ಮದುವೆ ಮಾಡ್ಸೋ ಶುಕ್ರನ್ನಂತೂ ನಿಮ್ ಹುಡುಗ ಆಗ್ಲೇ ತಿಂದ್ಬಿಟ್ಟ," ಎಂದು ಅಣ್ಣ ಸೇರಿಸಿದ.

ಅತ್ತೆ ಚೀಲ ಕೆಳಗಿಟ್ಟರು. "ಪರದೆ ಹಿಂದೆ ಯಾಕಮ್ಮ ನಿಂತಿದೀರಿ? ಬನ್ನಿ ಹೊರಗೆ."

ಹಿಟ್ಟು ಮೆತ್ತಿದ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದೆ. ಅವರು ನನ್ನನ್ನು ನೋಡಿದರು, ದ್ರಾಕ್ಷಿಯನ್ನು ನೋಡಿದರು, ತೆಗೆದು ಬಾಯಿಗೆ ಹಾಕಿಕೊಂಡರು. "ಸಿಹಿಯಾಗೇ ಇದಾನೆ. ಇನ್ನೊಂದೆರಡು ಬೋಂಡ ಹಾಕಿ, ಮುಹೂರ್ತದ ಮಾತಾಡೋಣ."

ಒಲೆಯ ಮೇಲಿನ ಬೋಂಡಗಳು ಅಷ್ಟರಲ್ಲಿ ಕರಕಲಾಗಿದ್ದವು. ಅವನ್ನೇ ಹಾಕಿದೆ. ನಿಮ್ಮ ಅಪ್ಪ ಒಂದೂ ಬಿಡದೆ ತಿಂದ.